ಒಂದೇ ಹಾಲ್, ಎರಡು ಸಬ್‌ವೂಫರ್: ಸೀಲ್ಡ್ ಒಳ್ಳೇದೋ, ಪೋರ್ಟೆಡ್ ಒಳ್ಳೇದೋ?

ನಮ್ಮ ಹಾಲ್ 12 ಅಡಿ ಉದ್ದ, 10 ಅಡಿ ಅಗಲ. ಸಬ್‌ವೂಫರ್ (ಚಿಕ್ಕದಾಗಿ ಸಬ್) ಅಂದ್ರೆ ಬೇಸ್, ಅಂದ್ರೆ ತಗ್ಗು ಸ್ವರದ ದಪ್ಪ ಸದ್ದು, ನುಡಿಸೋಕೇ ಇರುವ ಸ್ಪೀಕರ್. ನನ್ನದು 10 ಇಂಚಿನ ಸೀಲ್ಡ್ ಸಬ್, ಅಂದ್ರೆ ಪೆಟ್ಟಿಗೆ ಪೂರ್ತಿ ಮುಚ್ಚಿರುತ್ತದೆ. ಗೆಳೆಯನದು 12 ಇಂಚಿನ ಪೋರ್ಟೆಡ್, ಗಾಳಿ ಓಡಾಡೋಕೆ ಪೆಟ್ಟಿಗೆಯಲ್ಲಿ ಒಂದು ಕೊಳವೆ ಇರುತ್ತದೆ. ಅವನದನ್ನು ಮನೆಗೆ ತಂದು, ಮಿಕ್ಕ ಸ್ಪೀಕರ್, ರಿಸೀವರ್ (ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಯಂತ್ರ) ಯಾವುದನ್ನೂ ಬದಲಿಸದೆ, ಎರಡನ್ನೂ ಒಂದೊಂದು ವಾರ ಕೇಳಿದೆ.

ಮೊದಲು ಪೋರ್ಟೆಡ್. ಸಿನಿಮಾದಲ್ಲಿ ಬಾಂಬ್ ಸಿಡಿದರೆ ಸೋಫಾ ಅದುರುತ್ತಿತ್ತು. ಷೋಕೇಸಿನ ಗಾಜು ಕಿರಿಕಿರಿ ಅಂತ ಸದ್ದು ಮಾಡುತ್ತಿತ್ತು. ಆದರೆ ತಬಲಾ ಹಾಕಿದರೆ ಡಗ್ಗಾದ (ಜೋಡಿಯಲ್ಲಿ ದಪ್ಪ ಸದ್ದಿನ ವಾದ್ಯ) ಪೆಟ್ಟು ಬಿದ್ದ ಮೇಲೂ ಗುಂಯ್ ಅಂತ ಎಳೆಯುತ್ತಿತ್ತು, ಮುಂದಿನ ಪೆಟ್ಟಿಗೇ ಜಾಗ ಇರುತ್ತಿರಲಿಲ್ಲ. ಪೋರ್ಟೆಡ್ ಅಂದ್ರೆ ಹೀಗೇ ಅಂದುಕೊಂಡು ನನ್ನ ಸೀಲ್ಡ್ ಹಾಕಿದೆ. ಏಟು ಸ್ವಲ್ಪ ಕಮ್ಮಿ, ಆದರೆ ಆ ಗುಂಯ್ ಅಲ್ಲೂ ಇತ್ತು!

ಹಾಗಾದರೆ ತಪ್ಪು ಪೆಟ್ಟಿಗೆಯದಲ್ಲ, ಅದನ್ನಿಟ್ಟ ಜಾಗದ್ದು. ಅಂಗಡಿಯವರು ಮೂಲೆಗಿಡಿ, ಬೇಸ್ ಜಾಸ್ತಿ ಬರುತ್ತದೆ ಅಂದಿದ್ದರು. ಜಾಸ್ತಿ ಬರೋದು ನಿಜ, ಆದರೆ ಎಲ್ಲ ಸ್ವರವೂ ಒಂದೇ ಸಮ ಜಾಸ್ತಿಯಾಗೋದಿಲ್ಲ. 12 ಅಡಿಯ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಸದ್ದು ಹಿಂದೆ ಮುಂದೆ ಬಡಿದು ಉಬ್ಬುತ್ತದೆ. ನಮ್ಮ ಸೋಫಾ ಹಿಂದಿನ ಗೋಡೆಗೇ ಅಂಟಿಕೊಂಡಿತ್ತು, ಆ ಉಬ್ಬು ಅತಿ ಜೋರಾಗಿ ಕೇಳೋದೇ ಗೋಡೆಯ ಹತ್ತಿರ.

ಒಂದು ಭಾನುವಾರ ಸಬ್ ಅನ್ನು ಎತ್ತಿ ಸೋಫಾ ಮೇಲೆ, ನಾನು ಕೂರುವ ಜಾಗದಲ್ಲೇ ಇಟ್ಟೆ. ಬೇಸ್ ಇರುವ ಹಾಡು ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು ಕೇಳುತ್ತಾ ಹೋದೆ. ಮೂಲೆಯಲ್ಲಿ ಗುಂಯ್, ಕಿಟಕಿಯ ಕೆಳಗೆ ಹೆಚ್ಚುಕಮ್ಮಿ ಏನೂ ಇಲ್ಲ, ಟಿವಿ ಸ್ಟ್ಯಾಂಡಿನ ಎಡಕ್ಕೆ ಒಂದೂವರೆ ಅಡಿ ದೂರದಲ್ಲಿ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ಎಲ್ಲಿ ಚೆನ್ನಾಗಿ ಕೇಳಿಸುತ್ತೋ ಅಲ್ಲಿ ಸಬ್ ಇಟ್ಟರೆ ಸೋಫಾದಲ್ಲೂ ಹಾಗೇ ಕೇಳಿಸುತ್ತದೆ. ಅದಕ್ಕೇ ಸಬ್ ಅಲ್ಲಿಗೆ ಹೋಯಿತು, ಸೋಫಾ ಎರಡು ಅಡಿ ಮುಂದೆ ಬಂತು.

ಈಗ ಎರಡನ್ನೂ ಮತ್ತೆ ಕೇಳಿದೆ. ಪೋರ್ಟೆಡ್ ಎಷ್ಟು ಬದಲಾಯಿತು ಅಂದ್ರೆ ಗೆಳೆಯ ತನ್ನ ಸಬ್ ಇದೇನಾ ಅಂತ ಕೇಳಿದ. ಆದರೂ ಡಗ್ಗಾ ನನ್ನ ಸೀಲ್ಡ್‌ನಲ್ಲೇ ಚೊಕ್ಕ, ಪೆಟ್ಟು ಬೀಳುತ್ತದೆ, ಅಲ್ಲಿಗೇ ನಿಲ್ಲುತ್ತದೆ. ರಾತ್ರಿ ವಾಲ್ಯೂಮ್ ತಗ್ಗಿಸಿ ಕೇಳುವಾಗಲೂ ನನಗೆ ಅದೇ ಇಷ್ಟ. ಸಿನಿಮಾನೇ ಜಾಸ್ತಿ, ಹಾಲ್ ಕೂಡ ದೊಡ್ಡದು ಅನ್ನೋರು ಧಾರಾಳವಾಗಿ ಪೋರ್ಟೆಡ್ ತಗೊಳ್ಳಿ, ಆ ಏಟು ಚಿಕ್ಕ ಸೀಲ್ಡ್‌ನಲ್ಲಿ ಸಿಗೋದಿಲ್ಲ. ಪೆಟ್ಟಿಗೆಯೂ ದೊಡ್ಡದು, ಮೊದಲು ಟೇಪು ಹಿಡಿದು ಜಾಗ ಅಳೆದುಕೊಳ್ಳಿ.

ಯಾವುದೇ ತಗೊಂಡರೂ ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು ‘ಸ್ಮಾಲ್’ ಅಂತ ಹಾಕಿ, ಆಗ ಬೇಸ್ ಸಬ್‌ಗೆ ಹೋಗುತ್ತದೆ. ಕ್ರಾಸ್‌ಓವರ್, ಅಂದ್ರೆ ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅನ್ನೋ ಗೆರೆ, 80 ಹರ್ಟ್ಸ್‌ನಿಂದ ಶುರು ಮಾಡಿ. ಸಬ್‌ನ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕಿಡಿ, ಇಲ್ಲದಿದ್ದರೆ ಸದ್ದು ಎರಡೆರಡು ಕಡೆ ಸೋಸಿಹೋಗುತ್ತದೆ. ಸಬ್‌ನ ಸದ್ದಿನ ಅಲೆ ಮಿಕ್ಕ ಸ್ಪೀಕರ್‌ಗಳ ಅಲೆಗೆ ಹೊಂದಿಸುವ ಫೇಸ್ ಸ್ವಿಚ್ಚನ್ನು 0 ಡಿಗ್ರಿಗೂ 180 ಡಿಗ್ರಿಗೂ ಹಾಕಿ, ಸೋಫಾದಲ್ಲಿ ಕೂತು ಕೇಳಿ. ಬೇಸ್ ಯಾವುದರಲ್ಲಿ ತುಂಬಿಕೊಂಡು ಬರುತ್ತದೋ ಅದೇ ಸರಿ. ನಮ್ಮಲ್ಲಿ ಅದು 180 ಆಯಿತು.