ಛೋಟಾ ಹಾತಿ, ಸೊಸೈಟಿ ಗೇಟು, ಭಿಶಿ: ಗ್ರೈಂಡರ್ ಡೆಮೊಗೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸ್ಕೂಟರಿಗೆ, ಅಂದರೆ ಅದರಲ್ಲಿ ಗ್ರೈಂಡರ್ ಹೇರಿಕೊಂಡು ಭಿಶಿಗೆ, ಹೆಂಗಸರ ಚೀಟಿ ಕೂಟಕ್ಕೆ, ಹೋಗುವುದಕ್ಕೆ. ಆಕ್ಟಿವಾದಲ್ಲಿ ಕಾಲಿಡುವ ಜಾಗದಲ್ಲಿ ಗ್ರೈಂಡರ್, ಹಿಂದೆ ನೆನೆಸಿದ ಉದ್ದಿನಬೇಳೆಯ ಡಬ್ಬಿ ಹಿಡಿದು ಕೂತ ಮಗಳು. ಹೀಗೆ ಪುಣೆಯ ಅರ್ಧ ಕರ್ವೆನಗರ ಸುತ್ತಿದ್ದೇನೆ. ಈ ಬುದ್ಧಿ ಬರುವ ಮುಂಚೆ ಛೋಟಾ ಹಾತಿ ಎಂಬ ಬಾಡಿಗೆ ಟೆಂಪೋದ ಮೇಲೆ ಹದಿಮೂರು ಸಾವಿರ ಸುರಿದದ್ದೂ ನಾನೇ.

ನಾವು ಹುಬ್ಬಳ್ಳಿಯವರು, ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಕಳೆದ ವರ್ಷ ಕೊಯಮತ್ತೂರಿನಿಂದ ಎರಡು ಲೀಟರಿನ ಕಲ್ಲಿನ ಗ್ರೈಂಡರ್ ನಲವತ್ತನ್ನು ಮಾರಲು ತರಿಸಿದೆವು. ಇಲ್ಲಿಯ ಮನೆಗಳಲ್ಲಿ ಇಡ್ಲಿ, ದೋಸೆ ಈಗ ಹೊಸದೇನಲ್ಲ. ಆದರೆ ಹಿಟ್ಟು ರುಬ್ಬುವುದು ಮಿಕ್ಸಿಯಲ್ಲಿ. ಮಿಕ್ಸಿ ಜೋರಾಗಿ ತಿರುಗುತ್ತದೆ, ಹಿಟ್ಟು ಬಿಸಿಯಾಗುತ್ತದೆ, ಉದ್ದು ಅಷ್ಟು ಉಬ್ಬುವುದಿಲ್ಲ. ಕಲ್ಲು ನಿಧಾನ, ಹಿಟ್ಟು ತಣ್ಣಗಿರುತ್ತದೆ, ಬೆಣ್ಣೆಯಂತೆ ಉಬ್ಬುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕಣ್ಣಿಗೆ ತೋರಿಸಬೇಕು. ತುಳಶಿಬಾಗ್ ಪೇಟೆಯ ಕಡೆ ಅಂಗಡಿ ಬಾಡಿಗೆಗೆ ಹಿಡಿಯುವ ತಾಕತ್ತು ನಮಗಿಲ್ಲ. ಹಾಗಾಗಿ ಡೆಮೊವನ್ನೇ ಜನರ ಹತ್ತಿರ ಒಯ್ಯೋಣ ಎಂದು ಹೊರಟೆವು.

ಇದೇನು ನಾವು ಕಂಡುಹಿಡಿದದ್ದಲ್ಲ. 1930ರ ದಶಕದಲ್ಲಿ ಚಹಾ ಪ್ರಚಾರದವರು ಮೋಟಾರು ಗಾಡಿಯಲ್ಲಿ ಊರೂರು ತಿರುಗಿ, ಚಹಾ ಮಾಡಿ, ಪುಕ್ಕಟೆ ಕುಡಿಸಿ ಈ ದೇಶಕ್ಕೆ ಅದರ ಚಟ ಹಚ್ಚಿದರು. ಕಾಫಿಯವರು 1936ರಲ್ಲಿ ಮುಂಬೈಯ ಚರ್ಚ್‌ಗೇಟಿನಲ್ಲಿ ಕಾಫಿ ಹೌಸೇ ತೆರೆದರು. 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್‌ನ ಹುಡುಗರು ಟೈ ಕಟ್ಟಿಕೊಂಡು, ವ್ಯಾಕ್ಯೂಮ್ ಕ್ಲೀನರ್ ಹಿಡಿದು ಮನೆಗೇ ಬಂದು, ನಮ್ಮದೇ ಹಾಸಿಗೆಯಿಂದ ಧೂಳು ಎಳೆದು ನಮಗೇ ತೋರಿಸಿ ನಾಚಿಸುತ್ತಿದ್ದರು. ಚಹಾಕ್ಕೆ ಐದು ನಿಮಿಷ ಸಾಕು, ಧೂಳಿಗೆ ಹತ್ತು. ನನ್ನ ಗ್ರೈಂಡರಿಗೆ? ಉದ್ದು ನುಣ್ಣಗಾಗಲು ಇಪ್ಪತ್ತೈದರಿಂದ ಮೂವತ್ತು ನಿಮಿಷ ಬೇಕು. ಈ ಲೆಕ್ಕ ನನಗೆ ಹೊಳೆದದ್ದು ದುಡ್ಡು ಹೋದ ಮೇಲೆ.

ಮೊದಲು ಗಾಡಿಯ ಕಥೆ. 2005ರಲ್ಲಿ ಬಂದ ಟಾಟಾ ಏಸ್‌ಗೆ ಇಲ್ಲೆಲ್ಲ ಛೋಟಾ ಹಾತಿ ಎಂದೇ ಹೆಸರು. ದಿನಕ್ಕೆ 2,800 ರೂಪಾಯಿ, ನಾಲ್ಕು ದಿನ. ಎರಡೂ ಬದಿ ಫ್ಲೆಕ್ಸ್ ಕಟ್ಟಲು 1,800. ಫ್ಲೆಕ್ಸ್ ಕಟ್ಟಿದ ಗಾಡಿಗೆ ಬೇಕಾದ ಅನುಮತಿ ಕಾಗದ ಡ್ರೈವರ್ ದಾದಾನ ಹತ್ತಿರ ಇತ್ತು, ಆ ತಲೆನೋವು ಬರಲಿಲ್ಲ. ತಲೆನೋವು ಬಂದದ್ದು ಕರೆಂಟಿನಿಂದ.

ಗಾಡಿಯವನು ಇನ್ವರ್ಟರ್, ಬ್ಯಾಟರಿ ಎರಡೂ ಇದೆ ಎಂದಿದ್ದ. ಗ್ರೈಂಡರಿನ ಮೋಟಾರು 150 ವ್ಯಾಟ್, ಅಂದರೆ ಎರಡು ಫ್ಯಾನಿನಷ್ಟು. ಏನು ಮಹಾ ಎಂದುಕೊಂಡೆ. ಕೋಥರೂಡಿನಲ್ಲಿ ಗಾಡಿ ನಿಲ್ಲಿಸಿ, ಏಳೆಂಟು ಜನ ಸೇರಿದ ಮೇಲೆ ಸ್ವಿಚ್ ಒತ್ತಿದೆ. ಗುಂಯ್ ಎಂದಿತು, ಕಲ್ಲು ತಿರುಗಲಿಲ್ಲ. ಮತ್ತೆ ಒತ್ತಿದೆ. ಇನ್ವರ್ಟರ್ ಕುಂಯ್ ಕುಂಯ್ ಎಂದು ಬಡಿದುಕೊಂಡು ಬಂದ್ ಆಯಿತು. ಎದುರಿಗಿದ್ದ ಒಬ್ಬ ಆಜಿ ಬಹಳ ಮೆತ್ತಗೆ, “ಹೊಸ ಮಷೀನಾ?” ಎಂದು ಕೇಳಿದರು. ಅವತ್ತು ಒಂದೂ ಮಾರಲಿಲ್ಲ. ಮಾರಾಟ ಹಾಗಿರಲಿ, ಕೆಟ್ಟ ಮಷೀನು ತಂದವಳು ಎಂಬ ಹೆಸರು ಬಂತು.

ಮರುದಿನ ತಾಪಕೀರ್ ಗಲ್ಲಿಗೆ ಹೋದೆ. ಪುಣೆಯಲ್ಲಿ ವೈರು, ಸ್ವಿಚ್ಚಿನ ಪೇಟೆ ಎಂದರೆ ಅದೇ. ಅಲ್ಲಿಯ ಅಂಗಡಿ ಕಾಕಾ ಬಿಡಿಸಿ ಹೇಳಿದರು. ಮೋಟಾರು ತಿರುಗುವಾಗ 150 ವ್ಯಾಟ್ ತಿನ್ನುತ್ತದೆ, ನಿಜ. ಆದರೆ ಎದ್ದೇಳುವ ಆ ಕ್ಷಣಕ್ಕೆ ಅದರ ಐದಾರು ಪಟ್ಟು ಕೇಳುತ್ತದೆ. ಅದರ ಮೇಲೆ ನಾನು ಬೇಳೆ ತುಂಬಿಸಿ ಶುರು ಮಾಡಿದ್ದೆ. ಗಾಡಿಯಲ್ಲಿದ್ದದ್ದು ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್. ಬಲ್ಬಿಗೆ ಸರಿ, ಮೋಟಾರಿಗೆ ಅದು ಹೊಂದುವುದಿಲ್ಲ. ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ. ಮನೆಯ ಲೈನಿನಂಥದ್ದೇ ಕರೆಂಟು ಕೊಡುವ ಸೈನ್ ವೇವ್ ಇನ್ವರ್ಟರ್ ಬೇಕು. ಮೊದಲು ಕಲ್ಲು ಖಾಲಿ ತಿರುಗಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಬೇಳೆ, ನೀರು ಹಾಕಬೇಕು. ಈ ಕೊನೆಯ ಮಾತು ಗ್ರೈಂಡರಿನ ಜೊತೆ ಬಂದ ಪುಸ್ತಕದಲ್ಲೇ ಇತ್ತು. ನಾನು ಓದಿರಲಿಲ್ಲ. ಮಾರುವವಳು ನಾನು!

ಸೈನ್ ವೇವ್ ಇನ್ವರ್ಟರ್ ಬಾಡಿಗೆಗೆ ತಂದೆ. ಮೂರನೇ ದಿನ ಕಲ್ಲು ತಿರುಗಿತು. ಆಗ ಗೊತ್ತಾಯಿತು, ಕರೆಂಟು ಸರಿಹೋದರೂ ಗಾಡಿ ಸರಿಹೋಗುವುದಿಲ್ಲ ಎಂದು. ಜನ ನಿಲ್ಲುವುದು ಮೂರು ನಿಮಿಷ. ಬೇಳೆ ಆಗ ಇನ್ನೂ ರವೆಯ ಹಾಗೆ ಇರುತ್ತದೆ. ಮೊದಲೇ ಅರ್ಧ ರುಬ್ಬಿದ ಹಿಟ್ಟು ಇಟ್ಟು ನೋಡಿದೆ. “ಇದು ಮನೆಯಲ್ಲಿ ಮಾಡಿ ತಂದದ್ದು ಅಲ್ವಾ?” ಎಂದರು. ಸುಳ್ಳು ಹೇಳುವುದಾದರೂ ಹೇಗೆ! ನಾಲ್ಕು ದಿನಕ್ಕೆ ಮೂರು ಗ್ರೈಂಡರ್ ಹೋದವು. ಒಂದಕ್ಕೆ ನನಗೆ ಉಳಿಯುವುದು 900 ರೂಪಾಯಿ. ಲೆಕ್ಕ ನೀವೇ ಹಾಕಿ.

ಸೊಸೈಟಿ ಗೇಟು, ಅಂದರೆ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಪೆಂಡಾಲು ಹಾಕುವುದು, ಇದಕ್ಕಿಂತ ವಾಸಿ. ಭಾನುವಾರಕ್ಕೆ 2,000 ಬಾಡಿಗೆ, ಸೆಕ್ರೆಟರಿಗೆ ಒಂದು ಅರ್ಜಿ. ವಾಚ್‌ಮನ್ ಕೋಣೆಯಿಂದ ಕರೆಂಟು ಸಿಗುತ್ತದೆ, ಇನ್ವರ್ಟರಿನ ಮುಖ ನೋಡಬೇಕಾಗಿಲ್ಲ. ಉದ್ದಿನ ಹಿಟ್ಟು ಹುದುಗು ಬರುವ ತನಕ ಕಾಯಬೇಕಾಗಿಲ್ಲವಲ್ಲ, ಅಲ್ಲೇ ವಡೆ ಕರಿದು ಕೊಟ್ಟೆ. ಅದೇ ತಪ್ಪಾಯಿತು. ಮಕ್ಕಳು ಸಾಲು ಹಚ್ಚಿದರು. ಒಂದು ಭಾನುವಾರ ಅರವತ್ತು ವಡೆ ಖರ್ಚಾಗಿ ಒಂದು ಗ್ರೈಂಡರ್ ಹೋಯಿತು. ಮಧ್ಯಾಹ್ನ ಒಂದು ಗಂಟೆಯಾದರೆ ಪುಣೆ ಮಲಗುತ್ತದೆ, ನಾವು ಪೆಂಡಾಲು ಬಿಚ್ಚಬೇಕು. ಮೂರು ಭಾನುವಾರಕ್ಕೆ ಐದು ಗ್ರೈಂಡರ್. ಆಮೇಲೆ ಫೋನು ಮಾಡಿ ಇನ್ನಿಬ್ಬರು ತೆಗೆದುಕೊಂಡರು ಎನ್ನುವುದನ್ನೂ ಹೇಳಬೇಕು. ನಿಮ್ಮ ಸಾಮಾನು ಎರಡು ನಿಮಿಷದಲ್ಲಿ ಗುಣ ತೋರಿಸುವಂಥದ್ದಾದರೆ, ಚಾಕು, ನೆಲ ಒರೆಸುವ ಮಾಪ್ ಇಂಥದ್ದಾದರೆ, ಗೇಟೇ ಸರಿ. ಕಣ್ಣು ಮುಚ್ಚಿ ಹೋಗಿ.

ಇನ್ನು ಸ್ಕೂಟರು. ಸಂಕ್ರಾಂತಿಯಿಂದ ರಥಸಪ್ತಮಿ ತನಕ ಇಲ್ಲಿ ಮನೆಮನೆಯಲ್ಲೂ ಹಳದಿ ಕುಂಕು, ನಮ್ಮ ಅರಿಶಿನ ಕುಂಕುಮ. ಹೆಂಗಸರು ಸೇರುತ್ತಾರೆ, ಇದಕ್ಕಿಂತ ಒಳ್ಳೆ ಜಾಗ ಇಲ್ಲ ಎಂದುಕೊಂಡು ಎರಡು ಮನೆಗೆ ಗ್ರೈಂಡರ್ ಹೊತ್ತೆ. ಆಗಲಿಲ್ಲ. ಒಬ್ಬೊಬ್ಬರಾಗಿ ಬರುತ್ತಾರೆ, ಎಳ್ಳು ಬೆಲ್ಲದ ತಿಳಗೂಳ ಬಾಯಿಗೆ ಹಾಕಿಕೊಂಡು, ವಾಣ ಎಂಬ ಸಣ್ಣ ಉಡುಗೊರೆ ಇಸಿದುಕೊಂಡು, ಮುಂದಿನ ಮನೆಗೆ ಹೊರಡುತ್ತಾರೆ. ಗಾಡಿಯ ಮುಂದೆ ನಿಂತವರಿಗೂ ಇವರಿಗೂ ಸೀರೆಯದ್ದಷ್ಟೇ ವ್ಯತ್ಯಾಸ.

ಕೈ ಹಿಡಿದದ್ದು ಭಿಶಿ. ಹುಬ್ಬಳ್ಳಿಯವರಿಗೆ ಇದೇನೆಂದು ಹೇಳಬೇಕಾಗಿಲ್ಲ, ಬೆಂಗಳೂರಿನವರು ಚೀಟಿ ಎಂದುಕೊಳ್ಳಿ. ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಒಬ್ಬರ ಮನೆಯಲ್ಲಿ ಕೂರುತ್ತಾರೆ. ಎರಡು ಗಂಟೆ ಯಾರೂ ಏಳುವುದಿಲ್ಲ. ಬಂದ ಕೂಡಲೇ ಅಡುಗೆ ಕಟ್ಟೆಯ ಮೇಲೆ ಗ್ರೈಂಡರ್ ಶುರು ಮಾಡಿ ನಾನೂ ಹೋಗಿ ಕೂತುಬಿಡುತ್ತೇನೆ. ಮಾತು ನಡೆಯುತ್ತಿರುತ್ತದೆ, ಒಳಗೆ ಕಲ್ಲು ತಿರುಗುತ್ತಿರುತ್ತದೆ. ಅದರ ಸದ್ದಿನಲ್ಲೂ ಮಾತು ಕೇಳಿಸುತ್ತದೆ ಎನ್ನುವುದೇ ಅರ್ಧ ಡೆಮೊ. ಅರ್ಧ ಗಂಟೆಗೆ ಎಲ್ಲರನ್ನೂ ಕರೆದು, ಒಂದು ಲೋಟ ನೀರಿಗೆ ಚಿಟಿಕೆ ಹಿಟ್ಟು ಬಿಡುತ್ತೇನೆ. ತೇಲುತ್ತದೆ. “ಅಗಬಾಯಿ!” ಎನ್ನುತ್ತಾರೆ. ಆಮೇಲೆ ಅದೇ ಹಿಟ್ಟಿನ ವಡೆ. ಇಲ್ಲಿ ತಿನ್ನುವವರು ಹನ್ನೆರಡೇ ಜನ, ಅದೂ ಕೊಳ್ಳುವವರೇ.

ಒಂಬತ್ತು ಭಿಶಿಗೆ ಹದಿನಾಲ್ಕು ಗ್ರೈಂಡರ್. ಪೆಟ್ರೋಲು, ಬೇಳೆ, ಎಣ್ಣೆ ಸೇರಿ ಸಲಕ್ಕೆ 200 ರೂಪಾಯಿ. ಮನೆಯ ಒಡತಿ ತೆಗೆದುಕೊಂಡರೆ 300 ಕಡಿಮೆ ಮಾಡುತ್ತೇನೆ, ಅವರೇ ಮುಂದಿನ ಭಿಶಿ ಹುಡುಕಿಕೊಡುತ್ತಾರೆ.

ತೊಂದರೆ ಇಲ್ಲವೆಂದಲ್ಲ. ಗ್ರೈಂಡರ್ ಹನ್ನೆರಡು ಕೆಜಿ, ಲಿಫ್ಟಿಲ್ಲದ ಹಳೇ ಕಟ್ಟಡದಲ್ಲಿ ಮೂರನೇ ಮಹಡಿ ಎಂದರೆ ಸೊಂಟ ಹೋಗುತ್ತದೆ. ಗುರುವಾರ ಮಾತ್ರ ಒಪ್ಪಬೇಡಿ. ದುರಸ್ತಿಗೆಂದು ಇಲ್ಲಿ ಕರೆಂಟು ತೆಗೆಯುವ ವಾರ ಅದು. ಕಾತ್ರಜ್‌ನಲ್ಲಿ ಒಮ್ಮೆ ಬೇಳೆ ಹಾಕಿದ ಹತ್ತನೇ ನಿಮಿಷಕ್ಕೆ ಹೋಯಿತು, ಹನ್ನೆರಡು ಜನರ ಮುಂದೆ ನಾನು ಮಿಕ್ಸಿಯನ್ನು ಬೈಯುತ್ತಾ ಒಂದು ಗಂಟೆ ಕಳೆದೆ. ಇನ್ನು, ಅಪರಿಚಿತರ ಮನೆಗೆ ಹೋಗಿ ಹರಟಲು ನಿಮಗೆ ಸಂಕೋಚವಿದ್ದರೆ ಇದು ನಿಮ್ಮ ದಾರಿಯಲ್ಲ. ನಮ್ಮ ಮನೆಯವರಿಗೆ ಆಗುವುದಿಲ್ಲ, ಅವರು ಈಗಲೂ ಗೇಟೇ ಚಲೋ ಎನ್ನುತ್ತಾರೆ. ನೂರಾರು ಗ್ರೈಂಡರ್ ಇಟ್ಟುಕೊಂಡವರಿಗೆ ಗಾಡಿಯಿಂದ ಹೆಸರಾದರೂ ಹರಡೀತು. ನನ್ನ ಹತ್ತಿರ ಈಗ ಉಳಿದದ್ದು ಹದಿನಾರು.

ಛೋಟಾ ಹಾತಿಯ ಫ್ಲೆಕ್ಸ್ ಇನ್ನೂ ಇದೆ. ಮಳೆಗಾಲಕ್ಕೆ ಗ್ಯಾಲರಿಯಲ್ಲಿರುವ ಆ ಹದಿನಾರು ಬಾಕ್ಸ್ ಮುಚ್ಚಲು ಸರಿಯಾಗಿ ಸಾಕಾಯಿತು.