ಎಸ್‌ಟಿಪಿಗೆ ಪಿಎಲ್‌ಸಿ ಹಾಕಿಸಿ ನಾಲ್ಕು ವರ್ಷ: ಹೇಗಿದೆ?

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಸೀಮೆನ್ಸ್ ಎಸ್7-1200 ಪಿಎಲ್‌ಸಿ, ಅಂದರೆ ಪಂಪ್, ಬ್ಲೋವರ್‌ಗಳನ್ನು ತಾನಾಗೇ ನಡೆಸುವ ಪುಟ್ಟ ಕಂಪ್ಯೂಟರ್, ಹಾಕಿಸಿ ನಾಲ್ಕು ವರ್ಷ ತುಂಬಿತು. ಸಂಘದ ಕಮಿಟಿಯಲ್ಲಿ ಪ್ಲಾಂಟ್ ನೋಡಿಕೊಳ್ಳುವುದು ನಾನೇ. ನೀವು ಹಾಕಿಸುವ ಯೋಚನೆಯಲ್ಲಿದ್ದರೆ ಧೈರ್ಯವಾಗಿ ಹಾಕಿಸಿ, ಆದರೆ ಕೆಲವು ವಿಷಯ ಮೊದಲೇ ಗೊತ್ತಿರಲಿ.

ಮುಂಚೆ ಕೊಳಚೆ ನೀರಿಗೆ ಗಾಳಿ ಊದುವ ನಮ್ಮ ಬ್ಲೋವರ್ ಟೈಮರ್ ಮೇಲೆ ಓಡುತ್ತಿತ್ತು. ಬೆಳಗ್ಗೆ ಎಲ್ಲರ ಮನೆಯ ಸ್ನಾನ, ಬಟ್ಟೆ, ಪಾತ್ರೆ ನೀರು ಒಟ್ಟಿಗೆ ಬಂದಾಗ ಗಾಳಿ ಸಾಲುತ್ತಿರಲಿಲ್ಲ, ಮಧ್ಯಾಹ್ನ ನೀರೇ ಬರದ ಹೊತ್ತಲ್ಲಿ ಸುಮ್ನೆ ಓಡಿ ಕರೆಂಟ್ ತಿನ್ನುತ್ತಿತ್ತು. ಈಗ ಏರೇಷನ್ ಟ್ಯಾಂಕಿನಲ್ಲಿ ಡಿಒ ಸೆನ್ಸರ್ ಇದೆ, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಪ್ರೋಬ್. ಅದು ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರುವ ಹಾಗೆ ಪಿಎಲ್‌ಸಿ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಸಾಧನ) ಮೂಲಕ ಬ್ಲೋವರ್ ವೇಗ ಏರಿಸಿ ಇಳಿಸುತ್ತದೆ. ಕೆಳಗಿನ ಮನೆಗಳಿಂದ ಬರುತ್ತಿದ್ದ ವಾಸನೆ ದೂರು ನಿಂತೇ ಹೋಯಿತು.

ಪಿಎಲ್‌ಸಿ ಒಂದು ಸಲವೂ ಕೈಕೊಟ್ಟಿಲ್ಲ. ಕರೆಂಟ್ ಹೋಗಿ ಬಂದರೂ ಪ್ರೋಗ್ರಾಂ ಅಳಿಯುವುದಿಲ್ಲ, ತಾನಾಗೇ ಮತ್ತೆ ಶುರುವಾಗುತ್ತದೆ.

ಕೈಕೊಟ್ಟಿದ್ದು ಸೆನ್ಸರ್. ಎರಡನೇ ವರ್ಷ ಒಂದು ಬೆಳಗ್ಗೆ ಹೋಗಿ ನೋಡಿದರೆ ಸ್ಕ್ರೀನ್ ಮೇಲೆ ಡಿಒ 0.4, ಬ್ಲೋವರ್ ರಾತ್ರಿಯಿಡೀ 50 ಹರ್ಟ್ಸ್‌ನಲ್ಲೇ, ಅಂದರೆ ಪೂರ್ತಿ ವೇಗದಲ್ಲೇ, ಓಡಿದೆ. ಆಪರೇಟರ್ ಪ್ರೋಬ್ ಮೇಲೆತ್ತಿದರು. ತುದಿ ತುಂಬಾ ಕಂದು ಲೋಳೆ, ಅದಕ್ಕೆ ಕೂದಲು ಸುತ್ತಿಕೊಂಡಿತ್ತು. ಆ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳೇ ಆಮ್ಲಜನಕ ಹೀರಿಕೊಳ್ಳುವುದರಿಂದ ಸೆನ್ಸರ್ ಕಮ್ಮಿ ತೋರಿಸುತ್ತದೆ, ಪಿಎಲ್‌ಸಿ ಅದನ್ನೇ ನಂಬಿ ಇನ್ನೂ ಗಾಳಿ ಬೇಕು ಅಂದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ ಇಳಿಸಿದರು, ಸ್ವಲ್ಪ ಹೊತ್ತಿಗೇ ರೀಡಿಂಗ್ 3 ದಾಟಿತು. ಅವತ್ತಿಂದ ಪ್ರತಿ ಮಂಗಳವಾರ ಪ್ರೋಬ್ ಒರೆಸಿ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ.

ಇನ್ನೊಂದು ತಲೆನೋವು ಪ್ಯಾನೆಲ್ ಮಾಡಿಕೊಟ್ಟವರದ್ದು. ಪ್ರೋಗ್ರಾಂಗೆ ಪಾಸ್‌ವರ್ಡ್ ಹಾಕಿ ತಮ್ಮ ಹತ್ತಿರವೇ ಇಟ್ಟುಕೊಂಡರು. ಒಂದು ಪಂಪಿನಿಂದ ಇನ್ನೊಂದಕ್ಕೆ ಬದಲಾಗುವ ಸಮಯ ಸ್ವಲ್ಪ ತಿದ್ದಬೇಕಾದರೂ ಅವರೇ ಬರಬೇಕು, ಬಂದಾಗೆಲ್ಲಾ ಚಾರ್ಜ್. ಇದು ನನಗೆ ನಿಜಕ್ಕೂ ಬೇಜಾರಾದ ವಿಷಯ. ದುಡ್ಡು ಕೊಟ್ಟವರು ನಾವು, ಪ್ರೋಗ್ರಾಂ ನಮ್ಮದಾಗಬೇಕು ಅಲ್ವಾ? ಕೊನೆಯ ಕಂತು ಕೊಡುವ ಮೊದಲೇ ಪ್ರೋಗ್ರಾಂ ಕಾಪಿ, ಪಾಸ್‌ವರ್ಡ್, ವೈರಿಂಗ್ ಡ್ರಾಯಿಂಗ್ ಮೂರೂ ಕೈಗೆ ತಗೊಳ್ಳಿ.

ಕೊಟೇಶನ್‌ನಲ್ಲಿ ಅನಲಾಗ್ ಮಾಡ್ಯೂಲ್ (ಸೆನ್ಸರ್ ಸಿಗ್ನಲ್ ಓದಲು ಪಿಎಲ್‌ಸಿಗೆ ಸೇರಿಸುವ ಭಾಗ) ಇದೆಯಾ ನೋಡಿ. ನಮ್ಮ ಪಿಎಲ್‌ಸಿಯ 1214ಸಿ ಸಿಪಿಯುನಲ್ಲಿರುವ ಎರಡು ಅನಲಾಗ್ ಇನ್‌ಪುಟ್ 0-10 ವೋಲ್ಟ್‌ಗೆ ಮಾತ್ರ, ಡಿಒ ಸೆನ್ಸರ್‌ನಿಂದ ಬರುವುದು 4-20 ಮಿಲಿಆಂಪ್, ಎರಡೂ ನೇರವಾಗಿ ಹೊಂದುವುದಿಲ್ಲ, ಅದಕ್ಕೇ ಮಾಡ್ಯೂಲ್. ಆಟೋ-ಮ್ಯಾನುವಲ್ ಸ್ವಿಚ್ ಪ್ರತಿ ಪಂಪಿಗೂ ಬೇರೆ ಬೇರೆ ಇರಲಿ. ನಮ್ಮ ಆಪರೇಟರ್ ತಿಂಗಳಿಗೊಮ್ಮೆ ಎಲ್ಲವನ್ನೂ ಮ್ಯಾನುವಲ್‌ಗೆ ಹಾಕಿ ಓಡಿಸಿ ನೋಡುತ್ತಾರೆ.