ಬಣ್ಣ ಕುಡಿಯದ ಕ್ಲೇ ಮೇಲೆ ಶಿಬೊರಿ: ಒಂದು ವಿಡಿಯೊ ಪಾಠಮಾಲಿಕೆಯ ವಿಮರ್ಶೆ

ಜಪಾನಿನ ಸಾಂಪ್ರದಾಯಿಕ ಬಟ್ಟೆ ಬಣ್ಣಗಾರಿಕೆಯ ವಿನ್ಯಾಸಗಳನ್ನು ಪಾಲಿಮರ್ ಕ್ಲೇ (ಓವನ್ನಿನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ) ಆಭರಣಗಳ ಮೇಲೆ ಮೂಡಿಸಲು ಕಲಿಸುವ ವಿಡಿಯೊ ಪಾಠಮಾಲಿಕೆಯೊಂದನ್ನು, ಅದರ ಜೊತೆಗೆ ಬರುವ ಸಾಮಗ್ರಿಗಳನ್ನೇ ಬಳಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡಿದ್ದೇನೆ. ಬಿಳಿ, ಕಡುನೀಲಿ ಮತ್ತು ಅರೆಪಾರದರ್ಶಕ ಕ್ಲೇ, ನೀಲಿ ಪುಡಿ, ಮೂರು ತೆಳು ಸ್ಟೆನ್ಸಿಲ್‌ಗಳು ಪೆಟ್ಟಿಗೆಯಲ್ಲಿವೆ. ಗುಣಮಟ್ಟದ ಬಗ್ಗೆ ದೂರಿಲ್ಲ.

ತೊಡಕಿರುವುದು ಮೂಲದಲ್ಲೇ. ಈಗ ನಗೋಯಾ ನಗರದ ಭಾಗವಾಗಿರುವ ಅರಿಮತ್ಸುವಿನಲ್ಲಿ 17ನೆಯ ಶತಮಾನದಿಂದ ನಡೆದು ಬಂದಿರುವ ಶಿಬೊರಿಯಲ್ಲಿ ಬಟ್ಟೆಯನ್ನು ಕಟ್ಟಿ, ಹೊಲಿದು, ಮಡಿಚಿ ನೀಲಿಯಲ್ಲಿ ಅದ್ದುತ್ತಾರೆ. ದಾರದ ಬಿಗಿತ ಸಡಿಲವಾದ ಕಡೆ ಬಣ್ಣ ಒಳಗೆ ನುಸುಳಿ ಅಂಚು ಮಸುಕಾಗುತ್ತದೆ, ಆ ಮಸುಕೇ ಅದರ ಚೆಲುವು. ಕ್ಲೇ ಬಣ್ಣವನ್ನು ಹೀರುವುದೇ ಇಲ್ಲ. ಈ ಕೊರತೆಯನ್ನು, ಬಟ್ಟೆಯನ್ನು ಕೋಲಿಗೆ ಸುತ್ತಿ ದಾರ ಬಿಗಿಯುವ ಅರಶಿ ಎಂಬ ಶಿಬೊರಿ ವಿನ್ಯಾಸದ ಪಾಠ ಜಾಣ್ಮೆಯಿಂದ ದಾಟುತ್ತದೆ: ನೀಲಿ ಹಾಳೆಯ ಮೇಲೆ ಅರೆಪಾರದರ್ಶಕ ಹಾಳೆಯನ್ನಿಟ್ಟು ಕೋಲಿಗೆ ಸುತ್ತಿ, ಮೇಲೆ ಓರೆಯಾಗಿ ದಾರ ಬಿಗಿದು, ಬಿಚ್ಚಿದ ಮೇಲೆ ಉಬ್ಬಿದ ಏಣುಗಳನ್ನು ಬ್ಲೇಡಿನಿಂದ ತೆಳುವಾಗಿ ಹೆರೆಯಬೇಕು. ಮೇಲ್ಪದರ ಎಲ್ಲಿ ಎಷ್ಟು ತೆಳುವಾಯಿತೋ ಅಲ್ಲಿ ಅಷ್ಟೇ ನೀಲಿ ಇಣುಕುವುದರಿಂದ, ಬಿರುಮಳೆಯಂಥ ಗೆರೆಗಳು ನಿಜಕ್ಕೂ ಮಸುಕಾದ ಅಂಚಿನೊಂದಿಗೆ ಮೂಡುತ್ತವೆ. ಇಡೀ ಮಾಲಿಕೆಯಲ್ಲಿ ನಾನು ಮತ್ತೆ ಮತ್ತೆ ನೋಡಿದ ಪಾಠ ಇದೊಂದೇ.

ಕನೊಕೊ ಎಂಬ ಚುಕ್ಕೆ ವಿನ್ಯಾಸದ ಪಾಠ ನಿರಾಸೆ ತಂದಿತು. ಬಟ್ಟೆಯಲ್ಲಿ ಒಂದೊಂದು ಚುಕ್ಕೆಯನ್ನೂ ಬೇರೆ ಬೇರೆಯಾಗಿ ಕಟ್ಟುವುದರಿಂದ ಯಾವ ಎರಡು ಚುಕ್ಕೆಗಳೂ ಒಂದೇ ತೆರನಾಗಿರುವುದಿಲ್ಲ. ಇಲ್ಲಿ ಒಂದೇ ಅಚ್ಚಿನಿಂದ ಸಾಲಾಗಿ ಒತ್ತಿಸುತ್ತಾರೆ, ಫಲಿತಾಂಶ ಗೋಡೆಗೆ ಅಂಟಿಸುವ ಕಾಗದದಂತಿದೆ.

ಸ್ಟೆನ್ಸಿಲ್ ಇಟ್ಟು ಬಟ್ಟೆಗೆ ವಿನ್ಯಾಸ ಮೂಡಿಸುವ ಕತಝೊಮೆ ಕ್ಲೇಗೆ ಸಹಜವಾಗಿ ಒಗ್ಗುತ್ತದೆ, ಏಕೆಂದರೆ ಅದರ ಅಂಚು ಮೊದಲೇ ಚೂಪು. ಆದರೆ ಅಲ್ಲಿ ಸ್ಟೆನ್ಸಿಲ್ಲಿನ ತೂತುಗಳ ಮೂಲಕ ಹಚ್ಚುವುದು ಬಣ್ಣವನ್ನಲ್ಲ, ಬಣ್ಣ ತಡೆಯುವ ಅಕ್ಕಿಯ ಅಂಟನ್ನು; ಆದ್ದರಿಂದ ತೂತಿದ್ದ ಜಾಗ ಬಿಳಿಯಾಗಿ ಉಳಿಯುತ್ತದೆ. ಕ್ಲೇ ಮೇಲೆ ಅದೇ ತೂತುಗಳ ಮೂಲಕ ನೀಲಿ ಪುಡಿ ಹಚ್ಚಿದರೆ ಚಿತ್ರ ತಿರುಗುಮುರುಗಾಗುತ್ತದೆ. ಎರಡು ಸ್ಟೆನ್ಸಿಲ್‌ಗಳಲ್ಲಿ ಇದನ್ನು ಗಮನಿಸಿ ತಿದ್ದಿದ್ದಾರೆ, ಅಸನೊಹಾ ಸ್ಟೆನ್ಸಿಲ್ಲಿನಲ್ಲಿ ಮರೆತಿದ್ದಾರೆ: ನೀಲಿಯ ಮೇಲೆ ಬಿಳಿ ಗೆರೆಗಳಾಗಬೇಕಿದ್ದ ಸೆಣಬಿನೆಲೆಯ ನಕ್ಷತ್ರಗಳು ಬಿಳಿಯ ಮೇಲೆ ನೀಲಿ ಗೆರೆಗಳಾದವು. ನೀಲಿ ಹಾಳೆಯ ಮೇಲೆ ಬಿಳಿ ಪುಡಿ ಹಚ್ಚಿ ನಾನೇ ಸರಿಪಡಿಸಿಕೊಂಡೆ. ಬಿಳಿ ಪುಡಿಯನ್ನು ಮಾತ್ರ ಬೇರೆಯಾಗಿ ಕೊಳ್ಳಬೇಕಾಯಿತು.

ಬೇಯಿಸುವ ಹಂತಕ್ಕೆ ಪಾಠದಲ್ಲಿ ಒಂದೇ ವಾಕ್ಯ: 130 ಡಿಗ್ರಿ, ಅರ್ಧ ಗಂಟೆ. ಅರೆಪಾರದರ್ಶಕ ಕ್ಲೇ ಶಾಖ ತುಸು ಹೆಚ್ಚಾದರೂ ಕಂದುಬಣ್ಣಕ್ಕೆ ತಿರುಗುತ್ತದೆ ಎಂಬ ಎಚ್ಚರಿಕೆ ಎಲ್ಲಿಯೂ ಇಲ್ಲ. ನನ್ನ ಮೊದಲ ಅರಶಿ ಪದಕ ಚಹದ ಕಲೆಯಂತಾಗಿ ಹೊರಬಂದ ಮೇಲೆ ಒಳಗೊಂದು ತಾಪಮಾಪಕ ಇಟ್ಟು ನೋಡಿದೆ. ಗುಂಡಿ 130ರಲ್ಲಿದ್ದರೂ ಓವನ್ನಿನ ಒಳಗಿನ ಶಾಖ 150 ದಾಟಿತ್ತು.